ಕೊಡಚಾದ್ರಿ: ಅಮ್ಮನನ್ನು ಬುಡದಿಂದಲೇ ನಡೆಸಬಹುದಾ?

ವಿನೋಬನಗರದವಳು:
ನವರಾತ್ರಿ ಕಳೆದ ಮೇಲೆ ಕೊಡಚಾದ್ರಿಗೆ ಹೊರಟಿದ್ದೇವೆ. ಶಿವಮೊಗ್ಗದಿಂದ ನಮ್ಮದೇ ಕಾರು. ಅಮ್ಮನಿಗೆ ಅರವತ್ತು ದಾಟಿದೆ. ದಿನಾ ವಾಕಿಂಗ್ ಮಾಡುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ನೋವು. ಜೀಪು ಬೇಡ, ಬುಡದಿಂದಲೇ ಹತ್ತುತ್ತೇನೆ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ? ಆಗಲೂ ಉಂಬಳದ (ಜಿಗಣೆ) ಕಾಟ ಇರುತ್ತದಾ?

ನಿಟ್ಟೂರು ಕಡೆಯವನು:
ಅಕ್ಕಾ, ಬುಡದಿಂದ ಬೇಡ. ಹತ್ತುವಾಗ ಏದುಸಿರು ಬಂದರೆ ಕೂತು ಸುಧಾರಿಸಿಕೊಳ್ಳಬಹುದು. ಮಂಡಿ ನೋವಿದ್ದವರಿಗೆ ಇಳಿಯುವುದೇ ಕಷ್ಟ.

ಮೂಲ ಮೂಕಾಂಬಿಕೆ ಗುಡಿಯವರೆಗೆ ಜೀಪಿನಲ್ಲಿ ಹೋಗಿ. ಅಲ್ಲಿಂದ ಬೆಟ್ಟದ ತುದಿಯ ಸರ್ವಜ್ಞ ಪೀಠಕ್ಕೆ ಹೇಗೂ ನಡೆಯಲೇಬೇಕು, ಸುಮಾರು ಎರಡು ಕಿಲೋಮೀಟರ್. ಬೆಟ್ಟದ ಚೆಂದವೆಲ್ಲ ಇರುವುದು ಅಲ್ಲೇ. ಗಾಳಿಗೆ ಬಾಗಿದ ಹುಲ್ಲು, ಕಣಿವೆಯ ಸಂದಿನಲ್ಲಿ ಮಾತ್ರ ಒತ್ತಾಗಿ ಬೆಳೆದ ಶೋಲಾ ಕಾಡು. 1,343 ಮೀಟರ್ ಎತ್ತರ ಅಲ್ವಾ, ಮಂಜು ಸರಿದರೆ ಪಡುವಣಕ್ಕೆ ಸಮುದ್ರವೂ ಕಾಣುತ್ತದೆ. ಪೀಠ ಇರುವುದು ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅಂತ ನಂಬಿಕೆ. ಅಲ್ಲಿಗೆ ಕಾಲ್ನಡಿಗೆಯಲ್ಲೇ ಹೋದ ಸಮಾಧಾನ ಅಮ್ಮನಿಗೂ ಸಿಗುತ್ತದೆ. ಪೀಠದ ಕೆಳಗಿನ ಚಿತ್ರಮೂಲ ಗುಹೆಗೆ ಮಾತ್ರ ಇಳಿಸಬೇಡಿ, ಆ ದಾರಿ ತೀರಾ ಕಡಿದು.

ಜೀಪಿನಲ್ಲಿ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹಿಂದೆ ಕೂತರೆ ಆ ಕುಲುಕಾಟಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಡ್ರೈವರ್ ಹತ್ತಿರ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಅಮ್ಮನನ್ನು ಅವಸರಪಡಿಸುವ ಹಾಗೆ ಆಗಬಾರದು.

ಉಂಬಳ ಇರುತ್ತದೆ, ನೆಲ ಒದ್ದೆ ಇದ್ದರೆ ಜಾಸ್ತಿ. ಎಲೆಯ ತುದಿಯಲ್ಲಿ ನೆಟ್ಟಗೆ ನಿಂತು, ತಲೆ ಆಡಿಸುತ್ತಾ ಕಾಯುತ್ತಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸ್ವಲ್ಪ ಉಪ್ಪು ಹಾಕಿ, ತಾನೇ ಉದುರುತ್ತದೆ. ಅದರ ಎಂಜಲಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಸುಮಾರು ಹೊತ್ತು ಸೋರುತ್ತದೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿಯಾಗಬಾರದು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ಹೊಸನಗರ ಹುಡುಗಿ:
ದಾರಿಯಲ್ಲೇ ನಗರ ಎಂಬ ಊರಿನ ಕೋಟೆ ಸಿಗುತ್ತದೆ. 1763ರಲ್ಲಿ ಹೈದರಾಲಿ ಕೈಸೇರುವ ತನಕ ಕೆಳದಿ ಅರಸರ ರಾಜಧಾನಿಯಾಗಿದ್ದ ಊರು. ಹೋಗುವಾಗ ಅಲ್ಲಿ ಇಳಿದರೆ ಬೆಟ್ಟಕ್ಕೆ ತಡವಾಗುತ್ತದೆ, ವಾಪಸ್ ಬರುವಾಗ ನೋಡಿ. ಮತ್ತೆ ದಯವಿಟ್ಟು, ಬಿಸ್ಕತ್ತಿನ ಕವರು, ನೀರಿನ ಬಾಟಲಿ ಎಲ್ಲ ಕೆಳಗೆ ತನ್ನಿ. ಆ ಹುಲ್ಲಿನಲ್ಲಿ ಪ್ಲಾಸ್ಟಿಕ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ವಿನೋಬನಗರದವಳು:
ಅಮ್ಮನಿಗೆ ಓದಿ ಹೇಳಿದೆ. ಎರಡು ಕಿಲೋಮೀಟರ್ ನಡಿಗೆ ಅಂದಮೇಲೆ ಜೀಪಿಗೆ ಒಪ್ಪಿದರು! ಜೀಪು ನಿಟ್ಟೂರು ಕಡೆಯಿಂದ ಹಿಡಿಯುವುದೋ, ಕೊಲ್ಲೂರಿಂದಲೋ?

ನಿಟ್ಟೂರು ಕಡೆಯವನು:
ನೀವು ನಗರ, ಸಂಪೆಕಟ್ಟೆ ಮೇಲೆ ಬರುವುದಾದರೆ ನಿಟ್ಟೂರೇ ಹತ್ತಿರ. ಕೊಲ್ಲೂರಲ್ಲಿ ದೇವಿ ದರ್ಶನವೂ ಆಗಬೇಕಿದ್ದರೆ ಹಿಂದಿನ ದಿನವೇ ಅಲ್ಲಿಗೆ ಹೋಗಿ ಉಳಿದುಕೊಳ್ಳಿ. ಬೆಳಿಗ್ಗೆ ಅಲ್ಲಿಂದಲೇ ಜೀಪು ಸಿಗುತ್ತದೆ. ಹೊರಡುವ ಮುಂಚೆ ಮಳೆ ಜೋರಾಗಿದ್ದರೆ ದಾರಿ ಬಿಡುತ್ತಿದ್ದಾರಾ ಅಂತ ಒಮ್ಮೆ ವಿಚಾರಿಸಿಕೊಳ್ಳಿ.