ಮೈದನಹಳ್ಳಿಯಲ್ಲಿ ಆರು ಹ್ಯಾರಿಯರ್: ಪ್ಯಾಲಿಡ್ ಅಂತ ಹಾಕಿದ್ದು ನಿಲ್ಲುತ್ತಾ?

ಕಲ್ಪತರು ಕಣ್ಣು
ಅಕ್ಟೋಬರ್ ಕೊನೇ ವಾರ, ಸಂಜೆ 5ರ ಮೇಲೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗ ಮೀಸಲಿನಲ್ಲಿ ಆರು ಹ್ಯಾರಿಯರ್ (ಹುಲ್ಲಿನ ಮೇಲೆ ತಗ್ಗಾಗಿ ಹಾರಿ ಬೇಟೆಯಾಡೋ ಹದ್ದಿನಂಥ ಹಕ್ಕಿ) ಕಂಡವು. ಆರೂ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಹೊಟ್ಟೆ ಇಟ್ಟಿಗೆ ಬಣ್ಣ. ಪ್ಯಾಲಿಡ್ ಹ್ಯಾರಿಯರ್ 6 ಅಂತ ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನ ದಾಖಲಿಸೋ ಜಾಲತಾಣ) ಹಾಕಿದ್ರೆ ವಿವರ ಕೇಳ್ತಿದೆ. ಪ್ಯಾಲಿಡ್ ನಮ್ಮ ಜಿಲ್ಲೆಗೆ ಬರೋದಿಲ್ವಾ? ಮೂರು ಫೋಟೊ ಇವೆ, ಎರಡು ಮಸುಕು.

ಏರಿ ಮೇಲಿನ ದುರ್ಬೀನು
ಬರ್ತವೆ ಸರ್. ಪ್ಯಾಲಿಡ್, ಅದನ್ನೇ ಹೋಲೋ ಮಾಂಟೆಗು ಹ್ಯಾರಿಯರ್ ಎರಡೂ ಚಳಿಗಾಲಕ್ಕೆ ನಮ್ಮ ಬಯಲುಸೀಮೆ ಹುಲ್ಲುಗಾವಲುಗಳಿಗೆ ಇಳಿಯೋ ವಲಸೆ ಹಕ್ಕಿಗಳೇ. ಇ-ಬರ್ಡ್ ಪ್ರಶ್ನೆ ಕೇಳೋದು ಹಕ್ಕಿ ಅಪರೂಪ ಅಂತ ಮಾತ್ರ ಅಲ್ಲ. ಪ್ರದೇಶಕ್ಕೂ ಆ ತಿಂಗಳಿಗೂ ಇಟ್ಟಿರೋ ಸಂಖ್ಯೆಯ ಮಿತಿ ದಾಟಿದ್ರೂ ಕೇಳುತ್ತೆ.

ಆದ್ರೆ ನೀವು ಬರೆದಿರೋದ್ರಲ್ಲಿ ಪ್ಯಾಲಿಡ್ ಅನ್ನೋಕೆ ಏನೂ ಇಲ್ಲ. ಬಿಳಿ ಪಟ್ಟಿ ಎರಡರಲ್ಲೂ ಇದೆ. ಗೆರೆಯಿಲ್ಲದ ಇಟ್ಟಿಗೆ ಬಣ್ಣದ ಹೊಟ್ಟೆ ಅಂದ್ರೆ ಈ ವರ್ಷದ ಮರಿ ಅಂತಷ್ಟೇ ಅರ್ಥ. ವಯಸ್ಕ ಹೆಣ್ಣಿಗೆ ತಿಳಿ ಹೊಟ್ಟೆ ಮೇಲೆ ಕಂದು ಗೆರೆ ಇರುತ್ತೆ. ಮೊದಲು ವಯಸ್ಸು, ಆಮೇಲೆ ಜಾತಿ. ಈ ಕ್ರಮ ತಪ್ಪಿದ್ರೆ ಹೆಣ್ಣಿನ ಲಕ್ಷಣವನ್ನ ಮರಿಯಲ್ಲಿ ಹುಡುಕ್ತಾ ಕೂರ್ತೀರಿ.

ಮರಿಗಳಲ್ಲಿ ನೋಡಬೇಕಾದ್ದು ಮುಖ, ಕತ್ತು. ಪ್ಯಾಲಿಡ್‌ಗೆ ಕಿವಿಯ ಹತ್ತಿರದ ಕಪ್ಪು ಅರ್ಧಚಂದ್ರ ಅಗಲ, ಕೊಕ್ಕಿನ ಬುಡದ ತನಕ ಬರುತ್ತೆ. ಅದರ ಹಿಂದೆ ತಿಳಿ ಬಣ್ಣದ ಕಾಲರ್, ಕಾಲರ್ ಹಿಂದೆ ಮತ್ತೆ ಗಾಢ ಕಂದು ಕತ್ತು, ಮಫ್ಲರ್ ಸುತ್ತಿದ ಹಾಗೆ. ಮಾಂಟೆಗುವಿಗೆ ಕಣ್ಣಿನ ಸುತ್ತ ಬಿಳಿ ಜಾಸ್ತಿ, ಕಪ್ಪು ಕಿವಿ ಹತ್ತಿರಕ್ಕೇ ನಿಲ್ಲುತ್ತೆ, ಕಾಲರ್ ಎದ್ದು ಕಾಣೋದಿಲ್ಲ. ರೆಕ್ಕೆ ಅಡಿಭಾಗ ಸಿಕ್ಕಿದ್ರೆ ತುದಿಯ ಬೆರಳುಗರಿ (ಬೆರಳಿನ ಹಾಗೆ ಬಿಡಿಬಿಡಿಯಾಗಿ ಕಾಣೋ ಗರಿ) ನೋಡಿ: ಮಾಂಟೆಗು ಮರಿಗೆ ಅವು ಪೂರ್ತಿ ಗಾಢ, ಪ್ಯಾಲಿಡ್‌ಗೆ ಸಾಮಾನ್ಯವಾಗಿ ತಿಳಿ, ಅಡ್ಡಪಟ್ಟಿಯಿರೋವು. ಬೆರಳು ಎಣಿಸಿದ್ರೆ ಎರಡಕ್ಕೂ ನಾಲ್ಕೇ. ಐದು ಎದ್ದು ಕಂಡ್ರೆ ಹೆನ್ ಹ್ಯಾರಿಯರ್ ಅನ್ನೋ ಇನ್ನೊಂದು ಜಾತಿ ಇರಬಹುದು. ದಕ್ಷಿಣದಲ್ಲಿ ಅದು ನಿಜವಾಗ್ಲೂ ಅಪರೂಪ, ಆಗ ಫೋಟೊ ಇಲ್ಲದೆ ಮಾತಾಡಬೇಡಿ.

ಚಿಂತಾಮಣಿ ಲೆನ್ಸ್
ಸಂಜೆ ಬಿಸಿಲಿನ ಫೋಟೊ ನಂಬೋಕಾಗಲ್ಲ. ಆ ಹಳದಿ ಬೆಳಕಲ್ಲಿ ತಿಳಿ ಹೊಟ್ಟೆಯೂ ಕೆಂಪಾಗಿ ಕಾಣುತ್ತೆ. ಹಕ್ಕಿ ಆಕಾಶದ ಎದುರಿಗಿದ್ರೆ ಎಕ್ಸ್‌ಪೋಶರ್ +1 ಇಡಿ, ಇಲ್ಲಾಂದ್ರೆ ರೆಕ್ಕೆ ಅಡಿ ಬರೀ ಕಪ್ಪು. ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರ್ತಿದ್ರೆ ಸೊನ್ನೆ ಅಥವಾ ಸ್ವಲ್ಪ ಕಮ್ಮಿ. ಜಾಸ್ತಿ ಇಟ್ರೆ ಕಾಲರ್ ಬೆಳ್ಳಗೆ ಕರಗಿಹೋಗುತ್ತೆ. ಶಟರ್ 1/1600ಕ್ಕಿಂತ ಇಳಿಸಬೇಡಿ. ಫೋಕಸ್ ಚಿಕ್ಕ ಜಾಗಕ್ಕೆ ಕಟ್ಟಿ, ಅಗಲ ಇಟ್ರೆ ಮುಂದಿನ ಹುಲ್ಲೇ ಹಿಡ್ಕೊಳ್ಳುತ್ತೆ. ಮಸುಕಾದ ಎರಡನ್ನ ಅಳಿಸಬೇಡಿ, ಬೆರಳುಗರಿ ಮಸುಕಲ್ಲೂ ಎಣಿಕೆಗೆ ಸಿಗಬಹುದು.

ಏರಿ ಮೇಲಿನ ದುರ್ಬೀನು
ಎಣಿಕೆ ಬಗ್ಗೆ ಒಂದು ಮಾತು. ಸಂಜೆ ಇವು ಹುಲ್ಲಲ್ಲೇ ನೆಲದ ಮೇಲೆ ಗುಂಪಾಗಿ ರಾತ್ರಿ ತಂಗುತ್ತವೆ, ಇಳಿಯೋ ಮುಂಚೆ ಸುತ್ತು ಹೊಡೀತಾನೇ ಇರ್ತವೆ. ಹಾರಿದ್ದನ್ನ ಎಣಿಸಿದ್ರೆ ಎರಡು ಹಕ್ಕಿ ಆರಾಗುತ್ತೆ. ಒಂದೇ ನೋಟದಲ್ಲಿ ಕಂಡ ಗರಿಷ್ಠ ಸಂಖ್ಯೆ, ಇಲ್ಲಾ ಕೂತಿದ್ದರ ಲೆಕ್ಕ ಹಾಕಿ. ದಾರಿ ಬಿಟ್ಟು ಹುಲ್ಲೊಳಗೆ ನಡೀಬೇಡಿ. ಕತ್ತಲಾಗೋ ಹೊತ್ತಿಗೆ ಎಬ್ಬಿಸಿದ್ರೆ ಅವಕ್ಕೆ ಬೇರೆ ಜಾಗ ಹುಡುಕೋಕೆ ಬೆಳಕಿರೋದಿಲ್ಲ.

ಕಲ್ಪತರು ಕಣ್ಣು
ಆರೂ ಒಟ್ಟಿಗೇ ಒಂದೇ ನೋಟದಲ್ಲಿದ್ದವು, ಅದು ಖಾತ್ರಿ. ಸ್ಪಷ್ಟವಾಗಿರೋ ಫೋಟೊದಲ್ಲಿ ಕಾಲರ್ ಇದೆ, ಹಿಂದೆ ಗಾಢ ಕತ್ತೂ ಇದೆ. ಉಳಿದ ಐದನ್ನ ಏನು ಮಾಡ್ಲಿ?

ಏರಿ ಮೇಲಿನ ದುರ್ಬೀನು
ಹಾಗಾದ್ರೆ ಪ್ಯಾಲಿಡ್ 1, ಉಳಿದ 5 ‘ಪ್ಯಾಲಿಡ್/ಮಾಂಟೆಗು’. ಆ ಜೋಡಿ ಆಯ್ಕೆ ಪಟ್ಟಿಯಲ್ಲೇ ಇದೆ, ಹಾಕೋಕೆ ನಾಚಿಕೆ ಬೇಡ. ವಿವರದಲ್ಲಿ ‘ಚೆನ್ನಾಗಿ ಕಂಡಿತು’ ಅಂತ ಬರೆದ್ರೆ ಪ್ರಯೋಜನವಿಲ್ಲ. ‘ಮರಿ, ಗೆರೆಯಿಲ್ಲದ ಹೊಟ್ಟೆ, ತಿಳಿ ಕಾಲರ್, ಹಿಂದೆ ಗಾಢ ಕತ್ತು, ಇಷ್ಟು ದೂರ, ಇಷ್ಟು ನಿಮಿಷ, ಬೆಳಕು ಈ ಕಡೆ, ಕಾಲರ್ ಇದ್ದಿದ್ರಿಂದ ಮಾಂಟೆಗು ಅಲ್ಲ’ ಅಂತ ಬರೀರಿ, ಫೋಟೊ ಸೇರಿಸಿ. ಹಳೇ ಪಟ್ಟಿಯನ್ನೇ ತಿದ್ದಿ. ಹೊಸದು ಮಾಡಿದ್ರೆ ಅದೇ ಸಂಜೆಯ ಆರು ಹಕ್ಕಿ ದಾಖಲೆಯಲ್ಲಿ ಹನ್ನೆರಡಾಗುತ್ತೆ.