ಮಲೆನಾಡಿನ ಮಳೆಗಾಲದಲ್ಲಿ ಪಾಪುವಿನ ಲಂಗೋಟಿ ಒಣಗಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲೂಕು, ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ. ಗುಡ್ಡದ ಬುಡದಲ್ಲಿ ಮನೆ, ಕೆಳಗೆ ಅಡಿಕೆ ತೋಟ, ತೋಟದ ತುದಿಗೆ ಹಳ್ಳ. ಶಿವರಾತ್ರಿ ಹೊತ್ತಿಗೆ ಎರಡನೇ ಮಗು ಹುಟ್ಟಿತು. ಇಲ್ಲಿಯವರೆಗೆ ಬರೀ ಬಟ್ಟೆಯಲ್ಲೇ ನಡೆದಿದೆ. ಅತ್ತೆ ತಮ್ಮ ಹಳೇ ಕಾಟನ್ ಸೀರೆಗಳನ್ನು ಹರಿದು ಕೊಟ್ಟರು, ಮಾವನವರ ಪಂಚೆಗಳೂ ಸೇರಿದವು. ಜೊತೆಗೆ ಕೊಂಡು ತಂದ ಪಾಕೆಟ್ ಡೈಪರ್‌ಗಳಿವೆ. ಹೊರಗೆ ನೀರು ಸೋರದ ಬಟ್ಟೆ, ಒಳಗೆ ದಪ್ಪ ಪ್ಯಾಡ್ ತುರುಕುವಂಥವು. ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದು ಅಂಗಳದ ತಂತಿಗೆ ಹಾಕಿದರೆ ಮಧ್ಯಾಹ್ನದ ಊಟದೊಳಗೆ ಗರಿಗರಿಯಾಗಿ ಒಣಗುತ್ತಿದ್ದವು.

ಈಗ ಚಿಂತೆ ಶುರುವಾಗಿದೆ. ಇನ್ನೇನು ಮಳೆ ಹಿಡಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಮ್ಮಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಆರಿದ್ರಾ ಹಿಡಿದರೆ ಪುಷ್ಯ ಮುಗಿಯುವವರೆಗೆ ದೊಡ್ಡವರ ಬಟ್ಟೆಯೇ ಒಣಗುವುದಿಲ್ಲ. ಬೀರುವಿನೊಳಗಿನ ಸೀರೆಗೂ ಬೂಷ್ಟು ಬರುತ್ತದೆ.

ಹಾಗಂತ ಅಂಗಡಿ ಡೈಪರ್ ಹಾಕಲು ನನಗೆ ಮನಸ್ಸಿಲ್ಲ. ದೊಡ್ಡ ಮಗ ಹುಟ್ಟಿದಾಗ ಬೆಂಗಳೂರಿನಲ್ಲಿದ್ದೆವು. ಬೆಳಿಗ್ಗೆ ಕಸದ ಗಾಡಿ ಬರುತ್ತಿತ್ತು, ಕಟ್ಟಿ ಕೊಟ್ಟರೆ ಮುಗಿಯಿತು. ಇಲ್ಲಿ ನಮ್ಮ ಮನೆವರೆಗೆ ಯಾವ ಗಾಡಿಯೂ ಬರುವುದಿಲ್ಲ. ಸುತ್ತಮುತ್ತ ಡೈಪರ್ ಹಾಕುವವರು ಒಂದೋ ತೋಟದಲ್ಲಿ ಹೂಳುತ್ತಾರೆ, ಇಲ್ಲ ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ. ಕಳೆದ ವರ್ಷ ಬಸಿಗಾಲುವೆ ಬಿಡಿಸುವಾಗ ಗುದ್ದಲಿಗೆ ಒಂದು ಸಿಕ್ಕಿತು, ಮೇಲಿನಿಂದ ನೀರಲ್ಲಿ ಬಂದಿದ್ದು. ಹೊರಗಿನ ಪ್ಲಾಸ್ಟಿಕ್ ಪದರ, ಸೊಂಟದ ಎಲಾಸ್ಟಿಕ್ ಎಲ್ಲ ಹಾಗೇ ಇತ್ತು. ಒಳಗಿನದು ನೀರು ಕುಡಿದು ಉಬ್ಬಿತ್ತು. ಗುದ್ದಲಿ ತಾಗಿದ್ದೇ ಬೆಂದ ಸಾಬಕ್ಕಿಯ ಹಾಗೆ ಹರಳು ಹರಳಾಗಿ ಮಣ್ಣಿಗೆ ಚೆಲ್ಲಿತು. ಬಸಿಗಾಲುವೆ ನೀರು ಹೋಗುವುದು ಹಳ್ಳಕ್ಕೆ, ಹಳ್ಳ ಸೇರುವುದು ತುಂಗೆಗೆ. ನನ್ನ ಮಗುವಿನಿಂದ ಅಂಥದ್ದು ಒಂದೂ ಈ ಮಣ್ಣಿಗೆ ಬೀಳಬಾರದು ಅಂತ ಆವತ್ತೇ ಅಂದುಕೊಂಡೆ.

ನಮ್ಮ ಮನೆಯವರು ಕರೆಂಟಿನ ಬಟ್ಟೆ ಡ್ರೈಯರ್ ತರೋಣ ಎನ್ನುತ್ತಾರೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟೇ ಇರುವುದಿಲ್ಲ, ಆಗೇನು ಮಾಡುವುದು? ಅತ್ತೆ, "ನಾವೆಲ್ಲ ಬಚ್ಚಲ ಒಲೆ ಮೇಲೇ ಒಣಗಿಸಿದ್ದು, ಏನೂ ಆಗಲ್ಲ" ಎನ್ನುತ್ತಾರೆ. ನನಗೆ ಹೊಗೆಯ ಭಯ. ಈ ಕಡೆ ಬಟ್ಟೆಯಲ್ಲೇ ಮಳೆಗಾಲ ದಾಟಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಹೊಸನಗರದ ಅಕ್ಕ

ತಂಗಿ, ಖಂಡಿತ ಆಗುತ್ತದೆ. ನನ್ನ ಮಗಳು ಹುಟ್ಟಿದ್ದೇ ಜೂನ್‌ನಲ್ಲಿ. ನಮ್ಮ ಹೊಸನಗರದ ಮಳೆ ನಿಮ್ಮದಕ್ಕೇನೂ ಕಡಿಮೆ ಇಲ್ಲ.

ಮೊದಲು ಆ ದಪ್ಪ ಪ್ಯಾಡುಗಳನ್ನು ಕಟ್ಟಿ ದಸರಾವರೆಗೆ ಅಟ್ಟಕ್ಕೆ ಹಾಕು. ನಾಲ್ಕೈದು ಪದರ ಸೇರಿಸಿ ಹೊಲಿದಿರುತ್ತಾರೆ, ಹೊರಗೆ ಒಣಗಿದಂತೆ ಕಂಡರೂ ನಡುವೆ ತೇವ ಉಳಿಯುತ್ತದೆ. ಮಳೆಗಾಲಕ್ಕೆ ಒಂದೇ ಪದರದ ಬಟ್ಟೆಯೇ ಸರಿ. ಪಂಚೆಯನ್ನು ಚೌಕ ಕತ್ತರಿಸಿ ಅಂಚು ಹೊಲಿದುಬಿಡು. ಕಟ್ಟುವಾಗ ಎಷ್ಟು ಮಡಿಕೆ ಬೇಕೋ ಮಾಡಿಕೋ, ಒಣಹಾಕುವಾಗ ಪೂರ್ತಿ ಬಿಡಿಸಿ ಹಾಕು. ಪಾಕೆಟಿನ ಹೊರಗವಸನ್ನು ಬೇಕಾದರೆ ಅದರ ಮೇಲೆ ಹಾಕಬಹುದು, ಅದಕ್ಕೆ ನೀರು ಹೀರುವ ಗುಣ ಇಲ್ಲ, ಬೇಗ ಒಣಗುತ್ತದೆ. ಬಟ್ಟೆ ಮಾತ್ರ ಧಾರಾಳ ಇರಲಿ. ಬೇಸಿಗೆಯ ಎರಡರಷ್ಟು ಬೇಕು.

ಇನ್ನು ಬಚ್ಚಲ ಒಲೆ. ನಿಮ್ಮ ಅತ್ತೆ ಹೇಳಿದ್ದು ಸರಿ, ನಿನ್ನ ಭಯವೂ ಸರಿ. ಯಾವ ಹೊತ್ತಿಗೆ ಹಾಕುತ್ತೀಯ ಅನ್ನುವುದರ ಮೇಲಿದೆ. ಸಂಜೆ ಎಲ್ಲರ ಸ್ನಾನ ಮುಗಿದು, ಉರಿ ಇಳಿದು, ಅಡಿಕೆ ಸಿಪ್ಪೆಯೂ ಸುಟ್ಟು ಬರೀ ಕೆಂಡ ಉಳಿದಾಗ ಹಾಕಬೇಕು. ಆಗ ಹೊಗೆ ಇರುವುದಿಲ್ಲ, ಹಂಡೆಯೂ ಸುತ್ತಲ ಗೋಡೆಯೂ ಬೆಳಗಿನವರೆಗೆ ಬಿಸಿ ಇರುತ್ತವೆ. ಒಲೆಯ ಬಾಯಿ ಮೇಲೆ ಬೇಡ, ಬದಿಗೆ, ಕೈ ಎತ್ತಿದರೆ ಸಿಗುವಷ್ಟು ಎತ್ತರಕ್ಕೆ ಬಿದಿರಿನ ಗಳ ಕಟ್ಟಿಸು. ಎಲಾಸ್ಟಿಕ್ ಇರುವ ಹೊರಗವಸು ಅಲ್ಲಿ ಬೇಡವೇ ಬೇಡ, ಕರಗುತ್ತದೆ. ಬಚ್ಚಲುಮನೆಯಿಂದ ಹೊರಕ್ಕೆ ಗಾಳಿ ಹೋಗಲು ಕಿಂಡಿ ತೆರೆದಿರಲಿ, ಮನೆಯೊಳಗಿನ ಬಾಗಿಲು ಹಾಕಿರಲಿ. ಹಾಂ, ಪಾಪುವಿಗೆ ನೀರು ಹಾಕುವುದೂ ಕೆಂಡ ಆದ ಮೇಲೆಯೇ. ಹೊಗೆಯಲ್ಲಿ ಕೂತು ಮಗುವಿಗೆ ಎರೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಅದಕ್ಕೆ ಮೊದಲು ನೀರು ಚೆನ್ನಾಗಿ ಇಳಿದಿರಬೇಕು. ವಾಷಿಂಗ್ ಮೆಷಿನ್ ಇದ್ದರೆ ಕರೆಂಟ್ ಬಂದ ಕೂಡಲೇ ಬೇರೆಲ್ಲ ಬಿಟ್ಟು ಸ್ಪಿನ್ ಮಾಡಿಕೋ. ಇಲ್ಲದಿದ್ದರೆ ಇಬ್ಬರು ಎರಡು ತುದಿ ಹಿಡಿದು ಹಿಂಡಿ. ಹಗಲಿಡೀ ಜಗುಲಿಯಲ್ಲಿ ಗಾಳಿಗೆ, ರಾತ್ರಿ ಬಚ್ಚಲಿನಲ್ಲಿ. ಬೆಳಿಗ್ಗೆ ತೆಗೆದು ಕೆನ್ನೆಗೆ ಒತ್ತಿ ನೋಡು. ಕೈಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ. ತಂಪು ಅನ್ನಿಸಿದರೆ ಇಸ್ತ್ರಿ, ಇಲ್ಲ ಮತ್ತೆ ಗಳಕ್ಕೆ. ಅರೆ ಒಣಗಿದ್ದನ್ನು ಮಾತ್ರ ಕಟ್ಟಬೇಡ, ತೊಡೆ ಸಂದಿ ಕೆಂಪಾಗಿ ಫಂಗಸ್ ಶುರುವಾದರೆ ಡಾಕ್ಟರ ಹತ್ತಿರವೇ ಓಡಬೇಕು.

ಒಗೆಯಲು ಅಂಟುವಾಳ ಸಾಕು. ಪೌಡರ್ ಹಾಕಿದರೂ ಸ್ವಲ್ಪವೇ ಹಾಕಿ, ಹಂಡೆಯ ಬಿಸಿನೀರಲ್ಲಿ ಜಾಲಾಡಿಸು. ಬಟ್ಟೆ ಮೆತ್ತಗಾಗಲು ಹಾಕುವ ಲಿಕ್ವಿಡ್ ಬೇಡ, ಅದು ನೂಲಿಗೆ ಮೆತ್ತಿಕೊಂಡು ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಹೊಲಸನ್ನು ಮೊದಲು ಕಕ್ಕಸಿಗೆ ಹಾಕಿ ಆಮೇಲೆ ಒಗೆಯಿರಿ, ಹಳ್ಳದಲ್ಲಿ ಅದ್ದಬೇಡಿ. ಒಗೆದ ನೀರು ಬಾವಿಯಿಂದ ದೂರ, ಬಾಳೆ ಬುಡಕ್ಕೆ.

ಉತ್ತರ: ಸಾಗರದ ಅಪ್ಪ

ನಾನು ಇಬ್ಬರು ಮಕ್ಕಳ ಅಪ್ಪ, ನಮ್ಮದೂ ತೋಟ. ಡ್ರೈಯರ್ ಬಗ್ಗೆ ಒಂದು ಮಾತು. 2008ರಲ್ಲಿ ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ ಇದರ ಲೆಕ್ಕ ಹಾಕಿತ್ತು. ಒಂದು ಮಗುವಿಗೆ ಎರಡೂವರೆ ವರ್ಷ ಎಸೆಯುವ ಡೈಪರ್ ಹಾಕಿದರೆ ಸುಮಾರು 550 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಬಿಟ್ಟದ್ದಕ್ಕೆ ಸಮ. ಬಟ್ಟೆಯದ್ದು ಸರಾಸರಿ 570! ಇದನ್ನು ನೋಡಿ ಬಟ್ಟೆಯಿಂದ ಏನೂ ಲಾಭವಿಲ್ಲ ಎನ್ನುವವರಿದ್ದಾರೆ. ಮುಂದಿನದನ್ನು ಓದಬೇಕು. ಮೆಷಿನ್ ತುಂಬ ಬಟ್ಟೆ ಹಾಕಿ ಒಗೆದು, ತಂತಿಯಲ್ಲಿ ಒಣಗಿಸಿ, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಬಳಸಿದರೆ ಸುಮಾರು 200 ಕಿಲೋ ಕಡಿಮೆಯಾಗುತ್ತದೆ. ಕುದಿಯುವಷ್ಟು ಬಿಸಿನೀರು, ಕರೆಂಟಿನ ಡ್ರೈಯರ್, ಇವೇ ಬಟ್ಟೆಯ ಲೆಕ್ಕ ಏರಿಸುವುದು. ನಿಮ್ಮದು ಹಳೇ ಸೀರೆ, ಹಳೇ ಪಂಚೆ. ಹೊಸದಾಗಿ ನೂಲು ತೆಗೆದದ್ದೂ ಇಲ್ಲ. ಡ್ರೈಯರ್ ತಂದು ಅದನ್ನು ಕೆಡಿಸಬೇಡಿ.

ನಿಮ್ಮಲ್ಲಿ ಅಡಿಕೆ ಒಣಗಿಸುವ ಪಾಲಿಹೌಸ್ ಇದೆಯಾ? ಕೊಯ್ಲು ಶುರುವಾಗುವವರೆಗೆ ಅದು ಖಾಲಿ. ನಾವು ಮಕ್ಕಳ ಬಟ್ಟೆಯನ್ನೆಲ್ಲ ಅಲ್ಲೇ ಒಣಗಿಸಿದ್ದು. ಮೋಡ ಇದ್ದರೂ ಒಳಗೆ ಸ್ವಲ್ಪ ಬೆಚ್ಚಗಿರುತ್ತದೆ. ಆದರೆ ಎರಡೂ ತುದಿ ತೆರೆದಿಡಿ. ಮುಚ್ಚಿದರೆ ಬಟ್ಟೆಯ ನೀರು ಆವಿಯಾಗಿ ಅಲ್ಲೇ ನಿಂತು ಶೀಟಿನಿಂದ ತೊಟ್ಟಿಕ್ಕುತ್ತದೆ.

ನಿಮ್ಮ ಗುದ್ದಲಿಗೆ ಸಿಕ್ಕಿದ ಆ ಹರಳು ಸೋಡಿಯಂ ಪಾಲಿಅಕ್ರಿಲೇಟ್, ನೀರು ಹಿಡಿದಿಡಲೆಂದೇ ಹಾಕುವುದು. ಹೊರಪದರ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್. ಇಷ್ಟು ನೀರು ಹಿಡಿದಿರುವ ವಸ್ತುವಿಗೆ ಬೆಂಕಿ ಕೊಟ್ಟರೆ ಉರಿಯುವುದೇ ಇಲ್ಲ, ದಿನವಿಡೀ ಹೊಗೆಯಾಡುತ್ತದೆ. ಪ್ಲಾಸ್ಟಿಕ್ ಹೀಗೆ ಅರೆಬರೆ ಸುಟ್ಟಾಗಲೇ ವಿಷದ ಹೊಗೆ ಜಾಸ್ತಿ. ಅಕ್ಕಪಕ್ಕದವರಿಗೆ ಜಗಳವಿಲ್ಲದೆ ಇಷ್ಟನ್ನು ಹೇಳಿ ನೋಡಿ, ಕೆಲವರು ಕೇಳುತ್ತಾರೆ.

ಉತ್ತರ: ಶಿವಮೊಗ್ಗ, ವಿನೋಬನಗರ

ನಾನು ಕೆಲಸಕ್ಕೆ ಹೋಗುವ ಅಮ್ಮ. ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಒಗೆಯುವವರು ಯಾರು? ಮಳೆಯಲ್ಲಿ ದಿನಾ ಅಷ್ಟು ಬಟ್ಟೆ ಒಗೆದು, ಹಿಂಡಿ, ಗಳದಿಂದ ಗಳಕ್ಕೆ ಬದಲಿಸುವುದು ಬಾಣಂತನ ಈಗಷ್ಟೇ ಮುಗಿಸಿದವಳ ಒಬ್ಬಳ ಕೆಲಸ ಆಗಬಾರದು. ಡ್ರೈಯರ್ ತರುತ್ತೇನೆ ಅಂದ ನಿಮ್ಮವರಿಗೆ ಹಿಂಡುವ ಕೆಲಸ ವಹಿಸಿ. ಪರಿಸರದ ಹೆಸರಲ್ಲಿ ಹೆಂಗಸರ ಸೊಂಟ ಮುರಿಯುವುದು ನನಗೆ ಒಪ್ಪಿಗೆಯಿಲ್ಲ.

ತೀರಾ ಕಷ್ಟದ ವಾರಗಳಲ್ಲಿ ರಾತ್ರಿಗೆ ಒಂದು ಡೈಪರ್ ಹಾಕಿದರೆ ಬೇಸರ ಮಾಡಿಕೊಳ್ಳಬೇಡಿ. ಹೂಳಬೇಡಿ, ಸುಡಬೇಡಿ, ಅಷ್ಟೇ. ಪೇಪರಿನಲ್ಲಿ ಸುತ್ತಿ ಮುಚ್ಚಳದ ಡಬ್ಬದಲ್ಲಿಟ್ಟು, ಪೇಟೆಗೆ ಬರುವಾಗ ತಂದು ಕಸದ ಗಾಡಿಗೆ ಬೇರೆಯಾಗಿ ಕೊಡಿ. ಸುತ್ತಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ದರು.

ಇನ್ನೊಂದು, ನಮ್ಮಮ್ಮ ಹೇಳಿಕೊಟ್ಟಿದ್ದು. ಮಗು ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ನಿಮ್ಮ ಎರಡು ಪಾದದ ನಡುವೆ ಕೂರಿಸಿ, ಬೆನ್ನು ನಿಮ್ಮ ಮೊಣಕಾಲಿಗೆ ಒರಗಿಸಿ "ಸ್ಸ್ಸ್" ಅನ್ನಿ. ಎರಡಕ್ಕೆ ಹೋಗುವ ಹೊತ್ತು ಬೇಗ ಗೊತ್ತಾಗುತ್ತದೆ. ಒಗೆಯುವ ಬಟ್ಟೆ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು: ತೀರ್ಥಹಳ್ಳಿ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕ್ಕ, ಪಂಚೆ ಕತ್ತರಿಸಲು ಇವತ್ತೇ ಕೂತಿದ್ದೇವೆ, ಅತ್ತೆ ಅಂಚು ಹೊಲಿಯುತ್ತಿದ್ದಾರೆ. ಕೆಂಡದ ವಿಷಯ ಹೇಳಿದಾಗ "ನಾವೂ ಹಾಗೇ ಮಾಡ್ತಿದ್ದಿದ್ದು" ಎಂದರು. ವಿನೋಬನಗರದವರ ಉತ್ತರವನ್ನು ಮನೆಯವರಿಗೆ ಪೂರ್ತಿ ಓದಿ ಹೇಳಿದೆ. ಬೆಳಗಿನ ಬಟ್ಟೆ ತಮ್ಮದು, ಸಂಜೆಯದು ನನ್ನದು ಅಂತ ಅವರೇ ಹಂಚಿದರು. ಡ್ರೈಯರ್ ಮಾತು ಬಿಟ್ಟಿದ್ದೇವೆ. ರಾತ್ರಿಗೂ ಬಟ್ಟೆಯಲ್ಲೇ ನೋಡುತ್ತೇನೆ, ಮಗುವಿಗೆ ಹುಷಾರಿಲ್ಲದ ದಿನಕ್ಕೆ ಅಂತ ಒಂದು ಸಣ್ಣ ಪ್ಯಾಕೆಟ್ ಇಟ್ಟಿರುತ್ತೇನೆ.

ಸಾಗರದ ಅಣ್ಣ, ಪಾಲಿಹೌಸ್ ಇದೆ, ಒಂದು ಬದಿ ಶೀಟ್ ಹರಿದಿದೆ. ಭಾನುವಾರ ಸರಿ ಮಾಡಿ ಗಳ ಕಟ್ಟುತ್ತಾರಂತೆ. ಗಳದಿಂದ ಗಳಕ್ಕೆ ಎಷ್ಟು ಅಂತರ ಬಿಡಬೇಕು?

ಉತ್ತರ: ಸಾಗರದ ಅಪ್ಪ

ಒಂದು ಮೊಳ ಇದ್ದರೆ ಸಾಕು. ಗಳವನ್ನು ಗಾಳಿ ಬರುವ ದಿಕ್ಕಿಗೆ ಉದ್ದಕ್ಕೆ ಕಟ್ಟಿಸಿ, ಅಡ್ಡ ಕಟ್ಟಿದರೆ ಮೊದಲ ಸಾಲಿನ ಬಟ್ಟೆಯೇ ಗಾಳಿ ತಡೆಯುತ್ತದೆ. ಹರಿದ ಕಡೆ ಪೂರ್ತಿ ಮುಚ್ಚಬೇಡಿ. ಮೇಲ್ಗಡೆ ಸ್ವಲ್ಪ ಬಿಟ್ಟು, ಎರಚಲು ಬರದ ಹಾಗೆ ಒಂದು ಸೋಗೆ ಇಳಿಬಿಟ್ಟರೆ ಆಯಿತು.