ಗಾಲ್ಫ್ ಟೂರ್ನಮೆಂಟ್ ನಾಲ್ಕು ದಿನ, ಮೆಂಬರ್‌ಗಳಿಗೆ ಎರಡು ತಿಂಗಳ ತೊಂದರೆ. ನಿಮ್ಮ ಕ್ಲಬ್ಬಿನಲ್ಲೂ ಹೀಗೇನಾ?

ಆರೂಕಾಲರ ಆಟ:
ನನಗೆ 66 ವರ್ಷ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂಕಾಲಿಗೆ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಗಾಲ್ಫ್ ಆಡುತ್ತೇನೆ. ಹ್ಯಾಂಡಿಕ್ಯಾಪ್ 21, ಅಂದರೆ ಸಾಧಾರಣ ಆಟಗಾರ. ಈ ಸಲ ನಮ್ಮಲ್ಲಿ ಪ್ರೊಫೆಷನಲ್ ಟೂರ್ನಮೆಂಟ್ ಇತ್ತು. ತಯಾರಿ ಶುರುವಾಗಿದ್ದು ಎರಡು ತಿಂಗಳ ಮುಂಚೆ. ರಫ್, ಅಂದರೆ ಆಡುವ ದಾರಿಯ ಅಕ್ಕಪಕ್ಕದ ಉದ್ದ ಹುಲ್ಲು, ಅದನ್ನು ಕತ್ತರಿಸುವುದನ್ನೇ ನಿಲ್ಲಿಸಿದರು. ಹುಲ್ಲು ಶೂ ಮುಚ್ಚುವಷ್ಟು ಬೆಳೆಯಿತು. ಏಳನೇ ಹೋಲ್‌ನಲ್ಲಿ ಚೆಂಡು ಬಿದ್ದ ಜಾಗ ನಾನೂ ನೋಡಿದ್ದೆ, ನನ್ನ ಬ್ಯಾಗ್ ಹೊರುವ ಕ್ಯಾಡಿಯೂ ನೋಡಿದ್ದರು. ಇಬ್ಬರೂ ಬಗ್ಗಿ, ಕೈಯಿಂದ ಹುಲ್ಲು ಸರಿಸಿ ಹುಡುಕಿದೆವು. ಹುಡುಕಲು ಇರುವ ಮೂರು ನಿಮಿಷ ಮುಗಿಯಿತು, ಸಿಗಲಿಲ್ಲ. ಅವತ್ತು ನಾಲ್ಕು ಚೆಂಡು ಹೋಯಿತು. ಗ್ರೀನ್, ಅಂದರೆ ಕಪ್ (ಚೆಂಡು ಬೀಳಿಸುವ ಕುಳಿ) ಸುತ್ತಲಿನ ನುಣುಪು ಹುಲ್ಲು, ಅದಂತೂ ಎಣ್ಣೆ ಸುರಿದ ಹಾಗೆ. ಆರಡಿ ದೂರದಿಂದ, ಇಳಿಜಾರಿನಲ್ಲಿ, ಸುಮ್ನೆ ಮುಟ್ಟಿಸಿದೆ. ಚೆಂಡು ಕಪ್ ಪಕ್ಕ ಹಾದು ಗ್ರೀನ್‌ನಿಂದಲೇ ಇಳಿದು ಹೋಯಿತು.

ದೊಡ್ಡ ಆಟಗಾರರನ್ನು ನೋಡುವುದು ನನಗೂ ಇಷ್ಟ. ನಮ್ಮ ಬೆಂಗಳೂರಿನ ಪ್ರೊ ಆಟಗಾರ ಚಿಕ್ಕರಂಗಪ್ಪ ಊರಲ್ಲಿ ಆಡಿದರೆ ತಪ್ಪಿಸುವುದಿಲ್ಲ. ಆದರೆ ಕೊನೆಯ ಹತ್ತು ದಿನ ಕೋರ್ಸ್ ನಮಗೆ ಬಂದ್. ಹನ್ನೊಂದು ವರ್ಷದಿಂದ ನನ್ನ ಬ್ಯಾಗ್ ಹೊರುವವರು ಆ ಹತ್ತು ದಿನ ಮನೆಯಲ್ಲೇ ಕೂತರು. ಪ್ರೊ ಆಟಗಾರರ ಜೊತೆ ಅವರವರ ಕ್ಯಾಡಿಗಳೇ ಬಂದಿದ್ದರು. ಸುತ್ತು ಇದ್ದರೆ ಮಾತ್ರ ಇವರಿಗೆ ದುಡ್ಡು. ಕಮಿಟಿ ಹತ್ತಿರ ಏನು ಕೇಳಲಿ? ಗ್ರೀನ್ ಯಾವಾಗ ಮೊದಲಿನಂತಾಗುತ್ತದೆ?

ಹುಲ್ಲು ನೋಡಿಕೊಂಡವನು:
ಸರ್, ನಾನು 14 ವರ್ಷ ಗ್ರೀನ್ ಕೆಲಸ ಮಾಡಿದ್ದೇನೆ. ಟೂರ್ನಮೆಂಟ್‌ಗೆ ಹುಲ್ಲನ್ನು ಸುಮಾರು 3 ಮಿಲಿಮೀಟರ್‌ಗೆ ಇಳಿಸುತ್ತೇವೆ. ದಿನಕ್ಕೆರಡು ಸಲ ಕತ್ತರಿಸಿ, ಮೇಲೆ ರೋಲರ್. ನೀರೂ ಕಡಿಮೆ. ಎಲೆಯೇ ಇಲ್ಲದಿದ್ದರೆ ಹುಲ್ಲು ಊಟ ಮಾಡುವುದು ಹೇಗೆ? ಬೇರು ಸೊರಗುತ್ತದೆ. ಆಟ ಮುಗಿದ ಮೇಲೆ ಎತ್ತರ ನಿಧಾನವಾಗಿ ಏರಿಸಬೇಕು, ತೂತು ಹೊಡೆದು ಮರಳು ಹಾಕಬೇಕು. ಆಗ ಪಟ್ ಮಾಡುವಾಗ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಕಪ್ ಕಡೆ ಉರುಳಿಸುವಾಗ, ಅದು ಕುಣಿಯುತ್ತದೆ, ಮೆಂಬರ್‌ಗಳು ಮತ್ತೆ ನಮ್ಮನ್ನೇ ಬೈಯುತ್ತಾರೆ. ದಯವಿಟ್ಟು ಮೂರು ನಾಲ್ಕು ವಾರ ತಾಳಿ. ಅವಸರ ಮಾಡಿದರೆ ಹುಲ್ಲೇ ಸಾಯುತ್ತದೆ.

ಪಿಟ್ಸ್‌ಬರ್ಗ್ ಕನ್ನಡಿಗ:
ನಮ್ಮೂರ ಪಕ್ಕದ ಓಕ್‌ಮಾಂಟ್‌ನಲ್ಲಿ 2025ರಲ್ಲಿ ಹತ್ತನೇ ಸಲ ಯುಎಸ್ ಓಪನ್ ಗಾಲ್ಫ್ ಆಯಿತು. ರಫ್ ಐದು ಇಂಚು. ಅಲ್ಲಿ 1935ರ ಓಪನ್‌ನಲ್ಲಿ ಆಗಿನ ದೊಡ್ಡ ಆಟಗಾರ ಜೀನ್ ಸರಾಜೆನ್ ಮಾಡಿದ ಒಂದು ಪಟ್ ಗ್ರೀನ್ ದಾಟಿ ಮರಳು ಗುಂಡಿಗೆ, ಅಂದರೆ ಬಂಕರ್‌ಗೆ ಉರುಳಿತಂತೆ. ಅದನ್ನು ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಗ್ರೀನ್ ವೇಗ, ಅಂದರೆ ಅದರ ಮೇಲೆ ಚೆಂಡು ಎಷ್ಟು ಸಲೀಸಾಗಿ ಉರುಳುತ್ತದೆ ಎಂದು ಅಳೆಯುವ ಸಾಧನ ಮಾಡಿದರು. ಅದೇ ಸ್ಟಿಂಪ್‌ಮೀಟರ್. ಆದರೆ ಅಲ್ಲಿನ ಮೆಂಬರ್‌ಗಳಿಗೆ ವೇಗದ ಗ್ರೀನ್ ಅಂದರೆ ಹೆಮ್ಮೆ, ಅದು ಅವರ ಆಯ್ಕೆ. ನಿಮ್ಮನ್ನು ಯಾರೂ ಕೇಳಲೇ ಇಲ್ಲ, ಅಲ್ವಾ?

ಶನಿವಾರದ ನಾಲ್ವರು:
ನಮ್ಮ ಕ್ಲಬ್ಬಿನಲ್ಲಿ ಹೆಂಗಸರೆಲ್ಲ ಸೇರಿ ಬರೆದುಕೊಟ್ಟೆವು. ಗ್ರೀನ್ ವೇಗ ಕೊನೆಯ ವಾರದಲ್ಲಿ ಮಾತ್ರ ಏರಿಸಿ, ಅಲ್ಲಿಯವರೆಗೆ ಮುಂದಿನ ಟೀಯಿಂದ, ಅಂದರೆ ಗ್ರೀನ್‌ಗೆ ಹತ್ತಿರದಿಂದ ಆಟ ಶುರುಮಾಡುವ ಜಾಗದಿಂದ, ಆಡಲು ಬಿಡಿ ಅಂತ. ಎರಡಕ್ಕೂ ಒಪ್ಪಿದರು. ಒಬ್ಬರೇ ಹೋಗಬೇಡಿ ಸರ್.

ಆರೂಕಾಲರ ಆಟ:
ಎಲ್ಲರಿಗೂ ಧನ್ಯವಾದ. ಮರಳು ಹಾಕಿದಾಗ ಗೊಣಗುವುದಿಲ್ಲ, ಇದು ಮಾತು. ಪತ್ರದಲ್ಲಿ ಮೊದಲ ಸಾಲು ಕ್ಯಾಡಿಗಳ ಹತ್ತು ದಿನದ ಕೂಲಿಯದು: ಟೂರ್ನಮೆಂಟ್ ದುಡ್ಡಿನಿಂದಲೇ ಕೊಡಿ ಅಂತ. ಬೆಳಗಿನ ಗುಂಪಿನ ಏಳು ಜನ ಸಹಿ ಹಾಕಿದ್ದಾರೆ. ನಾಳೆ ನಮ್ಮ ಕ್ಲಬ್ಬಿನ ಶನಿವಾರದ ಗುಂಪಿನವರನ್ನೂ ಕೇಳುತ್ತೇನೆ.